ಗೇಟ್ ಮೀಟಿಂಗಿನ ಭಾವ

ನಮ್ಮ ಭಾವ ಬಹಳ ಒಳ್ಳೆಯ ಮನುಷ್ಯ ಎಂದು ಯಾರಾದರೂ ಹೇಳಿದರೆ, ಅವರು ಭಾವನನ್ನು ಇನ್ನೂ ಊಟಕ್ಕೆ ಕರೆದಿಲ್ಲ ಎಂದೇ ಅರ್ಥ. ಎಲೆಯ ಮುಂದೆ ಕೂರುವ ಮೊದಲು ಅಡುಗೆಮನೆಗೆ ನುಗ್ಗಿ, "ಎಷ್ಟು ಹೊತ್ತಿಂದ ನಿಂತಿದೀರಮ್ಮ? ಮಧ್ಯೆ ಕೂತ್ಕೊಳಕ್ಕೆ ಬಿಟ್ರಾ?" ಎಂದು ಮನೆಯಾಕೆಯನ್ನು ವಿಚಾರಿಸುವ ಅತಿಥಿಯನ್ನು ಯಾವ ಗಂಡಸು ತಾನೆ ಎರಡನೆಯ ಸಲ ಕರೆದಾನು?

ಭಾವ ಎಂದರೆ ನನ್ನ ಅಕ್ಕನ ಗಂಡ. ಕೋಣನಕುಂಟೆಯ ಹತ್ತಿರವಿದ್ದ ಸರ್ಕಾರಿ ಫ್ಯಾನ್ ಕಾರ್ಖಾನೆಯಲ್ಲಿ ಫಿಟ್ಟರು, ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿ. ಫಿಟ್ಟರು ದಿನಕ್ಕೆ ಎಂಟು ಗಂಟೆ, ಕಾರ್ಯದರ್ಶಿ ಇಪ್ಪತ್ನಾಲ್ಕು ಗಂಟೆ. ಬನಶಂಕರಿ ಎರಡನೇ ಹಂತದ ಅವರ ಬಾಡಿಗೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಬೈಯುವ ಪದ್ಧತಿ ಇರಲಿಲ್ಲ. ಭಾವ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಊಟ ಮಾಡುತ್ತಿದ್ದರು. ಅಕ್ಕನೂ ಕಡಿಮೆಯವಳಲ್ಲ. "ಪಟ್ಟಿ ಬಿಚ್ಚೋವರೆಗೂ ಮಜ್ಜಿಗೆ ಇಲ್ಲ" ಅನ್ನುತ್ತಿದ್ದಳು. ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಮದುವೆಯಲ್ಲಿ ಅವರು ಮಾಡಿದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ. ಜಯನಗರದ ಛತ್ರ; ಮುಹೂರ್ತ ಮುಗಿದಿದೆ, ಎಲೆ ಹಾಕಿದೆ, ಜನ ಕೂತಿದ್ದಾರೆ, ಎಲೆಯ ತುದಿಗೆ ಉಪ್ಪು ಬಂದು ಅರ್ಧ ಗಂಟೆಯಾಗಿದೆ. ಉಪ್ಪಿನ ಹಿಂದೆ ಏನೂ ಬರಲಿಲ್ಲ! ಹೋಗಿ ನೋಡಿದರೆ ಅಡುಗೆಯವರೆಲ್ಲ ಸೌಟು ಕೆಳಗಿಟ್ಟು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾರೆ, ಭಾವ ಬಡಿಸುತ್ತಿದ್ದಾರೆ. ಬೆಳಗಿನಿಂದ ಅವರಿಗೆ ಯಾರೂ ತಿಂಡಿ ಕೊಟ್ಟಿರಲಿಲ್ಲವಂತೆ. ನನ್ನ ಮಾವನವರು ಕೈಮುಗಿದರು. "ಇದು ನಿಮ್ಮ ಮನೆ ಮದುವೇನೇ ಅಲ್ವಾ ಸ್ವಾಮಿ?"

"ಅದಕ್ಕೇ ಸಾರ್ ನೋಟಿಸ್ ಇಲ್ದೆ ಮಾಡಿದ್ದು. ಹೊರಗಿನೋರಾಗಿದ್ರೆ ಹದಿನಾಲ್ಕು ದಿನ ಮುಂಚೇನೇ ಕೊಡ್ತಿದ್ದೆ" ಎಂದರು ಭಾವ.

ಮನವಿ ಪತ್ರ ಬರೆಯುವುದು ಅವರ ಇನ್ನೊಂದು ಚಟ. ನಲ್ಲಿಗೆ ನೀರು ಬರಲಿಲ್ಲ, ಬಸ್ಸು ಉತ್ತರಹಳ್ಳಿವರೆಗೆ ಹೋಗಲಿಲ್ಲ, ಎಲ್ಲಕ್ಕೂ ಮನವಿ. ನಮ್ಮ ಕಡೆಯ ಎಮ್ಮೆಲ್ಲೆ ಯಾವ ಕಾಗದವನ್ನೂ ಓದುವುದಿಲ್ಲ ಎಂಬ ಗುಮಾನಿ ಭಾವನಿಗೆ ಇತ್ತು. ಒಮ್ಮೆ 'ಎಮ್ಮೆಲ್ಲೆಯವರು ಕೂಡಲೇ ರಾಜೀನಾಮೆ ಕೊಡತಕ್ಕದ್ದು' ಎಂದು ಬರೆದು ಅವರ ಕೈಗೇ ಕೊಟ್ಟರು. ಪುಣ್ಯಾತ್ಮ ನಗುನಗುತ್ತಾ ಪೆನ್ನು ತೆಗೆದು, 'ಶಿಫಾರಸು ಮಾಡಿದೆ, ತುರ್ತು ಕ್ರಮ ಜರುಗಿಸಿ' ಎಂದು ಸಹಿ ಹಾಕಿ ಬೆನ್ನು ತಟ್ಟಿದರು. ಆ ಕಾಗದ ಇಲಾಖೆಯಿಂದ ಇಲಾಖೆಗೆ ತಿಂಗಳುಗಟ್ಟಲೆ ಓಡಾಡಿತು. ಓದಿದವರು ಯಾರೂ ಸಿಕ್ಕಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅದೇ ಎಮ್ಮೆಲ್ಲೆ ಸೋತರು. ಸೋತವರನ್ನು ಬೀದಿಯಲ್ಲಿ ಬಿಡುವಷ್ಟು ಕಟುಕ ಸರ್ಕಾರವೇ ನಮ್ಮದು? ಅವರನ್ನು ಫ್ಯಾನ್ ಕಾರ್ಖಾನೆಯ ಅಧ್ಯಕ್ಷರನ್ನಾಗಿ ಮಾಡಿದರು. ಆ ಹೊತ್ತಿಗೆ ಸರ್ಕಾರಿ ಕಚೇರಿಗಳೇ ಹೊರಗಿನ ಫ್ಯಾನು ಕೊಳ್ಳತೊಡಗಿದ್ದವು. ನಮ್ಮ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು ಎಂಬುದನ್ನು ಭಾವನೂ ಒಪ್ಪುತ್ತಿದ್ದರು. ಹೊಸ ಅಧ್ಯಕ್ಷರು ನಷ್ಟ ತಗ್ಗಿಸಲು ಎರಡು ಕೆಲಸ ಮಾಡಿದರು: ತಮಗೊಂದು ಹೊಸ ಕಾರು ತರಿಸಿಕೊಂಡರು, ದಿನಗೂಲಿಯವರನ್ನೆಲ್ಲ ಮನೆಗೆ ಕಳಿಸಿದರು. ಭಾವ ಮುಷ್ಕರ ಹೂಡಿದರು.

"ಆರ್ಡರೇ ಇಲ್ಲ, ಕೆಲಸಾನೇ ನಡೀತಿಲ್ಲ. ನಿಲ್ಸೋದು ಏನನ್ನ ಭಾವ?" ಎಂದೆ.

"ತಾತ್ವಿಕವಾಗಿ ನಿಲ್ಸಿದೀವಿ ಕಣೋ."

ತಾತ್ವಿಕ ಮುಷ್ಕರ ಎರಡು ತಿಂಗಳು ನಡೆಯಿತು. ಎಲ್ಲ ಪಕ್ಷದ ಮುಖಂಡರೂ ಗೇಟಿನ ಮುಂದಿನ ಪೆಂಡಾಲಿಗೆ ಬಂದರು, ಭಾವನಿಗೆ ಹಾರ ಹಾಕಿದರು, ಫೋಟೋಗೆ ನಿಂತರು, ಹೋದರು. ಸೇವಂತಿಗೆ ಸಾಕಷ್ಟು ಬಂತು, ಅಕ್ಕಿ ಬರಲಿಲ್ಲ. ಅಕ್ಕ ಅಕ್ಕಪಕ್ಕದವರ ರವಿಕೆ ಹೊಲಿದು ಮನೆ ನಡೆಸಿದಳು.

ಕೊನೆಗೊಂದು ಬೆಳಿಗ್ಗೆ ಅಧ್ಯಕ್ಷರಿಂದ ಷರತ್ತಿನ ಕಾಗದ ಬಂತು. ಮಧ್ಯಾಹ್ನ ಗೇಟ್ ಮೀಟಿಂಗು. ಊಟದ ಕ್ಯಾರಿಯರ್ ಹಿಡಿದು ಹೊರಟ ಅಕ್ಕನ ಜೊತೆ ನಾನೂ ಹೋಗಿದ್ದೆ. ಭಾವ ಸ್ಟೂಲಿನ ಮೇಲೆ ನಿಂತು ಓದಿದರು. ಎಲ್ಲರನ್ನೂ ವಾಪಸು ತೆಗೆದುಕೊಳ್ಳಲಾಗುವುದು, ದಿನಗೂಲಿಯವರನ್ನೂ. ಸಂಘದ ಕಾರ್ಯದರ್ಶಿಯನ್ನು ಮಾತ್ರ ಕೆಲಸದಿಂದ ವಜಾ ಮಾಡಲಾಗಿದೆ. ಈ ಕೊನೆಯ ಸಾಲನ್ನೂ ಅವರು ಮೊದಲ ಸಾಲಿನಷ್ಟೇ ಗಟ್ಟಿಯಾಗಿ ಓದಿದರು.

ವಯಸ್ಸಾದ ಟರ್ನರ್ ಒಬ್ಬರು ಎದ್ದರು. "ನಿಮ್ಮನ್ನ ಬಿಟ್ಟು ಒಳಗೋಗಲ್ಲ ಸಾರ್. ಇನ್ನೊಂದು ವಾರ ನೋಡಣ."

"ನಿಮ್ಮನೇಲಿ ಇನ್ನೊಂದು ವಾರ ಒಲೆ ಹತ್ತಲ್ಲ ಅಂತ ನಂಗೊತ್ತು. ಕೂತ್ಕೊಳಿ. ಒಪ್ಪಿದೋರು ಕೈ ಎತ್ತಿ" ಎಂದರು ಭಾವ. ಮೊದಲು ಎದ್ದ ಕೈ ಅವರದೇ. ಆಮೇಲೆ ಒಂದೊಂದಾಗಿ ಉಳಿದವು ಎದ್ದವು. ಯಾರೂ ತಲೆ ಎತ್ತಲಿಲ್ಲ.

"ವಿರೋಧ ಇರೋರು?"

ನನ್ನ ಪಕ್ಕದಲ್ಲಿದ್ದ ಅಕ್ಕ ಕ್ಯಾರಿಯರ್ ಕೆಳಗಿಟ್ಟು ಕೈ ಎತ್ತಿದಳು.

ಎಲ್ಲರೂ ತಿರುಗಿ ನೋಡಿದರು. "ಮೆಂಬರ್ ಅಲ್ದೋರಿಗೆ ವೋಟಿಲ್ಲ" ಎಂದರು ಭಾವ. ಅಕ್ಕ ಕೈ ಇಳಿಸಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕವನು ನಾನು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಭಾವ ಸ್ಟೂಲಿನಿಂದ ಇಳಿದು, ಸಂಘದ ನಡಾವಳಿ ಪುಸ್ತಕ ತೆರೆದು, ಜೀವಮಾನದಲ್ಲಿ ಸಂಘದ ಒಂದು ನಿಯಮವನ್ನೂ ಮುರಿಯದ ಮನುಷ್ಯ ಬರೆದುಕೊಂಡರು: 'ವಿರೋಧ: ಒಂದು.'