ಕಲಸು ಕಮಾಂಡು

ಆ ಶುಕ್ರವಾರ ಬೆಳಿಗ್ಗೆ ಚೆನ್ನಕೇಶವ ಟೀ ಕುಡಿಯಲು ಹತ್ತು ನಿಮಿಷ ಎದ್ದುಹೋದದ್ದೇ ತಪ್ಪಾಯಿತು. ಹೋಗುವಾಗ ಕಂಪ್ಯೂಟರಿನ ಮೇಲೆ ತನ್ನ ಫೈಲನ್ನು ತೆರೆದಿಟ್ಟೇ ಹೋಗಿದ್ದ. ಬಂದವನು, ಯಾವುದಕ್ಕೂ ಇರಲಿ ಎಂದು, ಅದನ್ನು ಇನ್ನೊಮ್ಮೆ ಸೇವ್ ಮಾಡಿ ಮುಚ್ಚಿದ. ಆಮೇಲಿನ ಒಂದೂವರೆ ಗಂಟೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ.

ಅದು ತೊಂಬತ್ತನಾಲ್ಕನೆಯ ಇಸವಿ. ಹಿಂದೂಪುರದ ಉಡುಸಲಮ್ಮ ಟ್ರಾನ್ಸ್‌ಪೋರ್ಟಿಗೆ ಏಳು ಬಸ್ಸು, ಒಂದು ಕಂಪ್ಯೂಟರು. ಮಧ್ಯಾಹ್ನದ ಮೇಲೆ ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂಬ ಡ್ಯೂಟಿ ಪಟ್ಟಿಯನ್ನು ದಿನವೂ ಕಂಪ್ಯೂಟರಿನಲ್ಲಿ ತೆಗೆಯುವುದು ಚೆನ್ನಕೇಶವನ ಕೆಲಸ. ಹೇಳಿಕೊಳ್ಳಲು ಸುಲಭ. ಆದರೆ ಅವನಿಗಿಂತ ಮುಂಚೆ ಇದ್ದ ಮೂವರು ಮೂರು ದಿಕ್ಕಿನವರು. ಮೊದಲನೆಯವನು ಹಾಜರಿ ನೋಡುವ ಪ್ರೋಗ್ರಾಮನ್ನು ಕೋಬಾಲ್ ಎಂಬ ಭಾಷೆಯಲ್ಲಿ ಬರೆದು ರಾಜೀನಾಮೆ ಕೊಟ್ಟ. ಎರಡನೆಯವನು ಬಸ್ಸಿನ ವೇಳೆ ಹೊಂದಿಸುವುದನ್ನು ಸಿ ಎಂಬ ಭಾಷೆಯಲ್ಲಿ ಬರೆದು, ಮದುವೆಯಾಗಿ, ಮಾವನ ಹುಣಸೆಹಣ್ಣಿನ ಮಂಡಿ ಸೇರಿದ. ಮೂರನೆಯವನು ಪಟ್ಟಿ ಅಚ್ಚುಹಾಕುವುದನ್ನು ಆಕ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆದು, ಯಾರಿಗೂ ಹೇಳದೆ ಹೋದ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಚೆನ್ನಕೇಶವ ಮೂರನ್ನೂ ಬೇರೆ ಬೇರೆ ಓಡಿಸಿ, ಒಂದರ ಉತ್ತರವನ್ನು ಕೈಯಾರೆ ಇನ್ನೊಂದಕ್ಕೆ ಉಣ್ಣಿಸುತ್ತ ಅರ್ಧ ದಿನ ಕಳೆಯುತ್ತಿದ್ದ.

ಈ ಊರಿನ ಜನ ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ಇಂಗ್ಲಿಷು ಮೂರನ್ನೂ ಕಲಸಿ ಸುಖವಾಗಿ ಸಂಸಾರ ಮಾಡುತ್ತಿರುವಾಗ ಕಂಪ್ಯೂಟರಿಗೇನು ಕಷ್ಟ ಎಂದು ಅವನಿಗೆ ಒಂದು ದಿನ ಅನ್ನಿಸಿತು. ಆರು ತಿಂಗಳು ಕೂತು ಒಂದು ಸಾಧನ ಮಾಡಿದ. ಅದರ ಹೆಸರು ‘ಕಲಸು’. ಮೂರು ಭಾಷೆಯನ್ನೂ ಒಂದೇ ಶೆಲ್ ಸ್ಕ್ರಿಪ್ಟಿನಲ್ಲಿ, ಅಂದರೆ ಮೆಷಿನ್ನಿಗೆ ಕೊಡುವ ಒಂದೇ ಆಜ್ಞೆಯ ಹಾಳೆಯಲ್ಲಿ, ಬರೆದಿಟ್ಟರೆ ಸಾಕು. ಹಾಳೆಯ ಮೊದಲ ಸಾಲಿನಲ್ಲಿ ‘ಇದು ಕಲಸುವಿಗೆ’ ಎಂಬ ಗುರುತು ಇರುತ್ತದೆ. ಮೆಷಿನ್ನು ಅದನ್ನು ನೋಡಿ ಹಾಳೆಯನ್ನು ಕಲಸುವಿಗೆ ಒಪ್ಪಿಸುತ್ತದೆ. ಕಲಸು ಒಂದೊಂದು ತುಂಡನ್ನೂ ಆಯಾ ಭಾಷೆ ಬಲ್ಲವರಿಗೆ ಹಂಚಿ, ಕೊನೆಗೆ ಪಟ್ಟಿ ತಂದು ಕೊಡುತ್ತದೆ. ಗುರುವಾರ ಸಂಜೆ ಅದು ಚಕಚಕ ಓಡಿತ್ತು.

ಶುಕ್ರವಾರ ಹನ್ನೊಂದಕ್ಕೆ ಓನರು ವೆಂಕಟರಾಯಪ್ಪ ಕಲ್ಯಾಣದುರ್ಗದಿಂದ ಅದನ್ನು ನೋಡಲೆಂದೇ ಬರುವವರಿದ್ದರು. ಓಡಿದರೆ, ನಾಲ್ಕು ವರ್ಷದಿಂದ ಟೆಂಪರರಿಯಾಗಿದ್ದ ಚೆನ್ನಕೇಶವ ಪರ್ಮನೆಂಟ್. ಓಡದಿದ್ದರೆ ಕಂಪ್ಯೂಟರನ್ನು ಮಾರಿ, ಗುಮಾಸ್ತ ಪೋತಪ್ಪನ ಕೈಬರಹದ ಪಟ್ಟಿಗೇ ಮರಳುವುದೆಂದು ಓನರು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಒಂಬತ್ತೂವರೆಗೆ ಚೆನ್ನಕೇಶವ ಒಮ್ಮೆ ಓಡಿಸಿ ನೋಡೋಣವೆಂದು ಕಮಾಂಡು ಒತ್ತಿದ. ಪರದೆಯ ಮೇಲೆ ‘ನಾಟ್ ಫೌಂಡ್’, ‘ಸಿಂಟ್ಯಾಕ್ಸ್ ಎರರ್’ ಎಂಬ ಸಾಲುಗಳು ಅಣೆಕಟ್ಟು ಒಡೆದಂತೆ ಹರಿದುಬಂದವು. ಮೊದಲಿನವು ಮೇಲೆ ಓಡಿ ಮಾಯವಾದವು, ಕೊನೆಯ ಇಪ್ಪತ್ತು ಮಾತ್ರ ಉಳಿದವು.

“ಏಮಯಿಂದಯ್ಯಾ, ಏನಾಯ್ತು?” ಪೋತಪ್ಪ ಕುರ್ಚಿ ಸಮೇತ ಹತ್ತಿರ ಸರಿದ. ಅವನ ದನಿಯಲ್ಲಿ ಮರುಕವಿತ್ತು, ಮುಖದಲ್ಲಿ ಇರಲಿಲ್ಲ. “ನಿನ್ನೆ ಓಡ್ತು ಅಂದೆ?”

“ಓಡ್ತು ಪೋತಪ್ಪಣ್ಣ. ನಾನೇನೂ ಮುಟ್ಟಿಲ್ಲ!”

“ಪೆನ್ನು ನೋಡು, ನಿನ್ನೆನೂ ಬರೀತು, ಇವತ್ತೂ ಬರೀತದೆ,” ಎಂದು ಪೋತಪ್ಪ ತನ್ನ ಜೇಬನ್ನು ಸವರಿಕೊಂಡ.

ಟೈಪಿಸ್ಟ್ ಸರ್ವಮಂಗಳಮ್ಮ ಕಂಪ್ಯೂಟರಿನ ತಲೆಗೆ ಅರಿಶಿನ ಕುಂಕುಮ ಹಚ್ಚಿದ್ದು ಸಾಲದೆಂದು ಒಂದು ನಿಂಬೆಹಣ್ಣನ್ನೂ ಇಟ್ಟಳು. “ದೃಷ್ಟಿ ಬಿದ್ದದೆ ಕಣಪ್ಪ. ನೀನು ಸ್ಟ್ಯಾಂಡ್ ತುಂಬಾ ಹೇಳ್ಕೊಂಡು ಬಂದ್ಬುಟ್ಟೆ.” ಡ್ರೈವರ್ ಓಬುಳಪತಿ ಕಿಟಕಿಯಲ್ಲಿ ಇಣುಕಿ, ತನ್ನ ಬಸ್ಸು ಸ್ಟಾರ್ಟ್ ಆಗದಿದ್ದಾಗ ಎಲ್ಲಿ ಗುದ್ದುತ್ತಾನೆಂದು ವಿವರಿಸಿದ. “ಸುಮ್ನೆ ಒಂದ್ ಬಿಡಲಾ? ಮೆಲ್ಲಗೇ ಬಿಡ್ತೀನಿ.”

“ಯಾರೂ ಮುಟ್ಟಬ್ಯಾಡ್ರೋ!” ಎಂದು ಚೆನ್ನಕೇಶವ ಎರಡೂ ಕೈ ಚಾಚಿ ಮೆಷಿನ್ನನ್ನು ತಬ್ಬಿಕೊಂಡ.

ಹತ್ತೂಕಾಲಾಯಿತು. ಕೋಬಾಲಿನ ಒಂದೊಂದು ಚುಕ್ಕೆಯನ್ನೂ ನೋಡಿದ, ಸರಿಯಿತ್ತು. ಸಿ ಭಾಷೆಯ ಬ್ರಾಕೆಟ್ಟುಗಳನ್ನು ಎರಡೆರಡು ಬಾರಿ ಎಣಿಸಿದ, ಸರಿಯಿತ್ತು. ಕಣ್ಣು ಮಂಜಾಗಿ, ಇಡೀ ಫೈಲನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಪೆನ್ಸಿಲ್ ಹಿಡಿದು ಕೂತ. ನಾಲ್ಕು ವರ್ಷ ಎಲ್ಲರೆದುರು ‘ಇವತ್ತೋ ನಾಳೆಯೋ ಪರ್ಮನೆಂಟ್’ ಎಂದು ಹೇಳಿಕೊಂಡು ತಿರುಗಿದವನು, ನಾಳೆ ಯಾವ ಮುಖ ತೋರಿಸುವುದು ಎಂದು ಭಯಪಟ್ಟ.

ಹನ್ನೊಂದಕ್ಕೆ ಸರಿಯಾಗಿ ವೆಂಕಟರಾಯಪ್ಪ ಒಳಗೆ ಬಂದರು. “ಏನಯ್ಯಾ ಕೇಶವ, ರೆಡಿನಾ?”

“ಸಾರ್, ಒಂದೈದು ನಿಮಿಷ...”

“ಬೆಳಿಗ್ಗೆಯಿಂದ ಐದೈದು ನಿಮಿಷವೇ ಆಯ್ತಾ ಅದೆ ಸಾರ್,” ಎಂದು ಪೋತಪ್ಪ ವಿನಯದಿಂದ ತಿಳಿಸಿದ.

ಓನರು ಮೇಜಿನ ಮೇಲಿದ್ದ ಅಚ್ಚಿನ ಹಾಳೆ ಎತ್ತಿಕೊಂಡು, ಅದರ ತಲೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. “ಬೇಷ್. ಕಂಪ್ಯೂಟರಿನಾಗೂ ಮೊದ್ಲು ಶ್ರೀ ಬರ್ದವ್ನೆ ನೋಡು.”

ಚೆನ್ನಕೇಶವ ಹಾಳೆಯನ್ನು ಕಿತ್ತುಕೊಂಡ. ಎಲ್ಲಕ್ಕಿಂತ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, ನಟ್ಟನಡುವೆ, ‘ಶ್ರೀ’! ಬಾಲವಾಡಿಯ ಸ್ಲೇಟಿನಿಂದ ಹಿಡಿದು ಬೀಗರ ಕಾಗದದವರೆಗೆ ಎಲ್ಲದರ ನೆತ್ತಿಯ ಮೇಲೂ ಅದನ್ನು ಕಂಡೂ ಕಂಡೂ ಪಳಗಿದ ಅವನ ಕಣ್ಣು, ಬೆಳಗಿನಿಂದ ಮೂವತ್ತು ಸಲ ಅದನ್ನು ದಾಟಿಕೊಂಡು ಕೆಳಗೆ ಹೋಗಿತ್ತು. ಕಲಸುವಿನ ಗುರುತು ಎರಡನೆಯ ಸಾಲಿಗೆ ತಳ್ಳಲ್ಪಟ್ಟಿತ್ತು. ಮೆಷಿನ್ನಿಗೆ ಗುರುತು ಕಾಣದೆ, ಅದು ಮೂರೂ ಭಾಷೆಯನ್ನು, ಅವುಗಳಲ್ಲಿ ಒಂದೂ ತಿಳಿಯದ ಶೆಲ್ಲಿನ ಮುಂದೆಯೇ ಸುರಿದಿತ್ತು.

“ಯಾರು ಬರ್ದಿದ್ದು ಇದನ್ನ?”

“ನಾನೇ ಕಣಪ್ಪ,” ಎಂದಳು ಸರ್ವಮಂಗಳಮ್ಮ ಹೆಮ್ಮೆಯಿಂದ. “ನೀನು ಟೀಗೆ ಹೋಗಿದ್ದೆ. ಇಷ್ಟುದ್ದ ಬರ್ದು ಶ್ರೀನೇ ಮರ್ತವ್ನಲ್ಲ ಅಂತ ಸೇರ್ಸ್ದೆ. ಇಪ್ಪತ್ ವರ್ಷದ ಸರ್ವೀಸಿನಾಗೆ ಶ್ರೀ ಇಲ್ದೆ ಒಂದು ಕಾಗ್ದ ಹೊಡ್ದಿಲ್ಲ ನಾನು.”

ಚೆನ್ನಕೇಶವ ಫೈಲು ತೆರೆದು ಅಳಿಸುವ ಕೀಲಿಯ ಮೇಲೆ ಬೆರಳಿಟ್ಟ.

“ಏಯ್!” ಓನರು ಗುಡುಗಿದರು. “ಶ್ರೀ ಅಳಿಸ್ತೀಯಾ? ಶುಕ್ರವಾರ, ನನ್ ಕಣ್ಮುಂದೆ?”

ಬೆರಳು ಅಲ್ಲೇ ನಿಂತಿತು. ಅಳಿಸಿದರೆ ಓನರ ಮನಸ್ಸು ಕೆಡುತ್ತದೆ, ಅಳಿಸದಿದ್ದರೆ ಪಟ್ಟಿ ಕೆಡುತ್ತದೆ. ಬೆವರು ಒರೆಸಿಕೊಂಡು, ಭಯದಲ್ಲೇ ಹೊಳೆದ ಒಂದು ಮಾತನ್ನು ಆಡಿಬಿಟ್ಟ. “ಅಳಿಸಲ್ಲ ಸಾರ್. ಒಂದ್ ಸಾಲು ಕೆಳಗಿಡ್ತೀನಿ. ಮೊದಲ್ನೇ ಸಾಲು ಕವರ್ ಮ್ಯಾಲಿನ ಅಡ್ರೆಸ್ಸು ಇದ್ದಂಗೆ. ಕವರ್ ಒಡೆದ್ರೆ ಕಾಗ್ದದ ಮ್ಯಾಲೆ ಮೊದ್ಲು ಶ್ರೀನೇ.”

ಓನರು ಹಾಳೆಯನ್ನು ವಾಪಸು ತೆಗೆದುಕೊಂಡು ಅದರ ತಲೆಯನ್ನು ಇನ್ನೊಮ್ಮೆ ನೋಡಿದರು. “ಅಡ್ರೆಸ್ಸು ಅಂದ್ರೆ ಸರಿ. ಕಾನೀ, ನಡೀಲಿ.”

ಕಲಸುವಿನ ಗುರುತು ಮೇಲೆ ಹೋಯಿತು. ಓದದೆ ಬಿಡಬೇಕಾದ ಸಾಲೆಂಬ ಚಿಹ್ನೆ ಹೊತ್ತು ಶ್ರೀ ಕೆಳಗೆ ಬಂತು. ಚೆನ್ನಕೇಶವ ಕಮಾಂಡು ಒತ್ತಿದ. ಪ್ರಿಂಟರು ಕಿರ್ರೆಂದು ಕೂಗುತ್ತ ಏಳು ಬಸ್ಸಿನ ಪಟ್ಟಿಯನ್ನು ಒಂದೇ ನಿಮಿಷದಲ್ಲಿ ಹೊರಹಾಕಿತು. ಪೋತಪ್ಪ ಪೆನ್ನಿನ ಟೋಪಿ ಮುಚ್ಚಿದ.

“ಅಬ್ಬೋ!” ಎಂದರು ಓನರು. “ಆ ಒಂದ್ ಮಾತು ಕುಟ್ಟಿದ್ರೆ ಆಯ್ತಾ?”

“ಅಷ್ಟೇ ಸಾರ್! ಕೆ, ಎ, ಎಲ್... ಆರೇ ಅಕ್ಷರ. ಇನ್ಮ್ಯಾಲೆ ಯಾರ್ ಬೇಕಾದ್ರೂ ಕುಟ್ಟಬೌದು!” ಎಂದ ಚೆನ್ನಕೇಶವ. ಸಂತೋಷದಲ್ಲಿ ಅವನಿಗೆ ನಾಲಿಗೆ ನಿಲ್ಲಲಿಲ್ಲ.

ಓನರು ಸರ್ವಮಂಗಳಮ್ಮನನ್ನು ಕೂರಿಸಿದರು. ಆಕೆ ಬಳೆ ಸರಿಸಿಕೊಂಡು ಕುಟ್ಟಿದಳು. ಅದೇ ಪಟ್ಟಿ, ಅಷ್ಟೇ ಬೇಗ, ಇನ್ನೊಮ್ಮೆ ಬಂತು. ಓನರು ಅದರ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. “ಎರಡು ಗಂಟೆ ಕಲ್ಯಾಣದುರ್ಗ ಬಸ್ಸಿಗೆ ಕಂಡಕ್ಟರ್ ಜಾಗ ಖಾಲಿ ಅದೆ?”

“ಮುತ್ಯಾಲಪ್ಪ ಕೆಲ್ಸ ಬಿಟ್ಟು ತನ್ನೂರು ರೊದ್ದಂಗೆ ಹೋದ ಸಾರ್. ಹಾಜರಿ ನೋಡಿ ಕಲಸು ತಾನಾಗೇ ಕಂಡುಹಿಡಿದದೆ. ಕೈಪಟ್ಟಿ ಆಗಿದ್ರೆ ಬಸ್ಸು ಹೊರಡೋವರ್ಗೂ ಗೊತ್ತೇ ಆಯ್ತಿರ್ಲಿಲ್ಲ!”

“ಶಭಾಷ್,” ಎಂದು ವೆಂಕಟರಾಯಪ್ಪ ಅವನ ಬೆನ್ನು ತಟ್ಟಿದರು. “ಕೊಟ್ಟ ಮಾತು ಕೊಟ್ಟದ್ದೇ. ಇವತ್ತಿನಿಂದ ನೀನು ಪರ್ಮನೆಂಟು.”

ಚೆನ್ನಕೇಶವನ ಕಣ್ಣಲ್ಲಿ ನೀರು ಬಂತು. ಬಗ್ಗಿ ಓನರ ಕಾಲು ಮುಟ್ಟಿದ.

“ಎದ್ದೇಳು, ಎದ್ದೇಳು. ಮೆಷಿನ್ನು ಸರ್ವಮಂಗಳಮ್ಮ ನೋಡ್ಕೋತಾಳೆ. ಮುತ್ಯಾಲಪ್ಪನ ಖಾಕಿ ನಿಂಗೆ ಸರಿಹೋಯ್ತದೆ. ಎರಡು ಗಂಟೆಗೆ ಬಸ್ಸು, ಬೇಗ ಊಟ ಮಾಡ್ಕೊಂಡ್ ಬಾ.”

ಸರ್ವಮಂಗಳಮ್ಮ ಚೆನ್ನಕೇಶವನ ಹೆಸರನ್ನು ಕಂಡಕ್ಟರುಗಳ ಹಾಜರಿಗೆ ಸೇರಿಸಿ, ಇನ್ನೊಮ್ಮೆ ಕಮಾಂಡು ಕುಟ್ಟಿದಳು. ಈ ಸಾರಿಯ ಪಟ್ಟಿಯಲ್ಲಿ ಏಳು ಬಸ್ಸಿಗೂ ಕಂಡಕ್ಟರುಗಳಿದ್ದರು. ಎಲ್ಲೂ ಒಂದು ತಪ್ಪಿರಲಿಲ್ಲ.