ಬೀಳುವ ಮಾತು

ಸೋಪಿನ ಡಬ್ಬಿಗಿಂತ ದೊಡ್ಡದೇನಲ್ಲ ಅದು. ಬಿಳಿ ಬಣ್ಣ, ಮುಂದುಗಡೆ ಸಾಸಿವೆಕಾಳಿನಷ್ಟು ಹಸಿರು ದೀಪ. ವಿಶ್ವವಿದ್ಯಾಲಯದಿಂದ ಬಂದಿದ್ದ ಹುಡುಗಿ ಬೆಳಿಗ್ಗೆ ಅದನ್ನು ಮೆಟ್ಟಿಲ ಬುಡದ ಗೋಡೆಗೆ ಅಂಟಿಸಿ, ಉಗುರಿನಿಂದ ಒಮ್ಮೆ ತಟ್ಟಿ ನೋಡಿ, "ತಾತ, ಇವತ್ತು ಸಾಯಂಕಾಲದ ತನಕ ಇದು ಇಲ್ಲೇ ಇರುತ್ತೆ. ಇದೆ ಅನ್ನೋದನ್ನೇ ಮರೆತುಬಿಡಿ" ಎಂದಳು. ಮನೆಗೆ ಬರುವ ದೂರದ ನೆಂಟರೂ ಹೀಗೆಯೇ ಹೇಳುತ್ತಾರೆ. ಮರೆಯಲು ಅವರು ಬಿಡುವುದಿಲ್ಲ.

ವಯಸ್ಸಾದವರು ಮನೆಯೊಳಗೇ ಬಿದ್ದು ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸುವುದು ಹೇಗೆ ಎಂದು ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಂಶೋಧನೆ ನಡೆದಿತ್ತು. ವೈದ್ಯರು, ಕಟ್ಟಡ ಕಟ್ಟುವ ವಿದ್ಯೆಯವರು, ಮುಪ್ಪನ್ನೇ ಓದುವವರು ಎಲ್ಲ ಸೇರಿ ಮಾಡಿದ ಡಬ್ಬಿ ಇದು. ಬಿದ್ದವರಿಗೆ ಎದ್ದು ಫೋನು ಹುಡುಕಲು ಆಗುವುದಿಲ್ಲವಲ್ಲ. ಬಿದ್ದಲ್ಲಿಂದಲೇ ಬಾಯಿ ತೆರೆದು ಹೇಳಿದರೆ ಸಾಕು, ಡಬ್ಬಿ ಕೇಳಿಸಿಕೊಂಡು ನೆರೆಹೊರೆಯವರ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. "ಹೆಂಗೆ ಹೇಳಿದ್ರೂ ಹಿಡಿಯುತ್ತೆ ತಾತ. ಬಿದ್ದೆ, ಬಿದ್ದ, ಬೀಳ್ತೀನಿ, ಎಲ್ಲಾ ಕಲಿಸಿದ್ದೀವಿ" ಎಂದು ಹುಡುಗಿ ಹೆಮ್ಮೆಯಿಂದ ಹೇಳಿ, ಕೊನೆಗೆ ಗುಂಡಿ ಒತ್ತಿ ದೀಪ ಹೊತ್ತಿಸಿ, ಮಗು ಮಲಗಿರುವ ಕೋಣೆಯಿಂದ ಹೊರಡುವವಳಂತೆ ಮೆಲ್ಲಗೆ ಹೊರಟುಹೋದಳು.

ತಾತ ಎನಿಸಿಕೊಂಡವರು ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದರು. ಬೀದಿಯಲ್ಲಿ ಅವರಿಗೆ ಟಾಪ್‌ಗೇರು ಎಂದು ಹೆಸರು. ಅಷ್ಟು ವರ್ಷಗಳಲ್ಲಿ ಅವರು ಆ ಗೇರಿಗೆ ಕೈ ಹಾಕಿದ್ದನ್ನು ಕಂಡವರೇ ಇರಲಿಲ್ಲ, ಅದಕ್ಕೆ. ಈಗ ಅವರ ಲೋಕವೆಂದರೆ ಮಹಡಿಯ ಮೇಲಿನ ಕೋಣೆ. ಅಲ್ಲಿನ ಕಿಟಕಿಯಿಂದ ಊರಾಚೆಯ ದಿಬ್ಬ, ದಿಬ್ಬ ಹತ್ತುವ ರಸ್ತೆ, ಅದರ ತಿರುವು ಕಾಣುತ್ತಿದ್ದವು. ಮಾಲು ಹೇರಿಕೊಂಡ ಲಾರಿ ತಿರುವಿಗೆ ಬಂದಾಗ ಟಾಪ್‌ಗೇರು ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. ಎಂಜಿನ್ನು ಉಬ್ಬಸಪಟ್ಟರೆ, "ತಡ ಮಾಡಿದ. ಆಗ್ಲೇ ಬದಲಾಯಿಸಬೇಕಿತ್ತು" ಎಂದು ತಲೆಯಾಡಿಸುತ್ತಿದ್ದರು. ದಿನವಿಡೀ ಕುಳಿತರೂ ಅವರಿಗೆ ಬೇಸರವಾಗುತ್ತಿರಲಿಲ್ಲ.

ಬೇಸರವೆಲ್ಲ ಮಗಳಿಗೆ. ಅವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಸೊಂಟ ಮುರಿದುಕೊಂಡು ಬರುವ ಪ್ರತಿಯೊಬ್ಬ ಮುದುಕನ ಮುಖದಲ್ಲೂ ಅವಳಿಗೆ ಅಪ್ಪನೇ ಕಾಣುತ್ತಿದ್ದರು. ಮೆಟ್ಟಿಲು ಬೇಡ, ಕೆಳಗಿನ ಕೋಣೆಗೆ ಬನ್ನಿ ಎಂದು ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು. ಆ ಕೆಳಗಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಗೋಡೆಯಾಚೆ ನೀರಿನ ಪಂಪು. ಅದು ಶುರುವಾದರೆ ಮೇಜಿನ ಮೇಲಿನ ಲೋಟ ತನ್ನಷ್ಟಕ್ಕೆ ತಾನು ನಡೆಯುತ್ತ ಅಂಚಿಗೆ ಬರುತ್ತಿತ್ತು.

ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಡಬ್ಬಿ ಇರುವ ದಿನ ಅವರು ಎಲ್ಲೂ ಬೀಳದೆ, ಮೆಟ್ಟಿಲೂ ಸರಿಯಾಗಿದೆ ಎಂದು ಸಂಶೋಧನೆಯವರು ಹೇಳಿಬಿಟ್ಟರೆ, ಮಗಳು ಆ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ಬಿದ್ದರೆ ಅವತ್ತೇ ಮಂಚ ಕೆಳಕ್ಕೆ. "ವಾರ್ಡಿನೊಳಗೆ ಫೋನ್ ಇಟ್ಕೊಳ್ಳೋ ಹಾಗಿಲ್ಲ. ಎದುರುಮನೆ, ಪಕ್ಕದಮನೆ ನಂಬರ್ ಕೊಟ್ಟಿದ್ದೀನಿ. ಹುಷಾರಪ್ಪಾ" ಎಂದು ಹೇಳಿ ಅವಳು ಕೆಲಸಕ್ಕೆ ಹೋದಳು.

ಟಾಪ್‌ಗೇರು ಹುಷಾರಾಗಿಯೇ ಇದ್ದರು. ನಡುಮನೆಯ ಕುರ್ಚಿಯಲ್ಲಿ, ಲೈಸೆನ್ಸಿಗೆ ಫೋಟೋ ತೆಗೆಸಿಕೊಳ್ಳುವವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಎದುರುಮನೆಯ ಟೈಲರಮ್ಮ ತನ್ನ ಮೆಷಿನ್ನಿನ ಮುಂದಿನಿಂದಲೇ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದಳು. ಅವಳು ಯಾವಾಗಲೂ ಹಲ್ಲಿನ ಸಂದಿಯಿಂದಲೇ ಮಾತಾಡುವುದು.

"ಎಲ್ಲಿ ಬಂತು. ಬ್ರೇಕ್ ಇಲ್ಲದ ಲಾರಿ ಓಡಿಸ್ತಾ ಇದ್ದ ಹಾಗೆ ಕನಸು ಬಿತ್ತು" ಎಂದರು ಟಾಪ್‌ಗೇರು.

ಹಸಿರು ದೀಪ ಕೆಂಪಾಯಿತು. "ಗಾಬರಿಯಾಗಬೇಡಿ. ಅಲುಗಾಡಬೇಡಿ. ಸಹಾಯ ಬರುತ್ತಿದೆ" ಎಂದಿತು ಗೋಡೆ, ಇಂಪಾದ ಹೆಣ್ಣು ದನಿಯಲ್ಲಿ.

ಸಹಾಯ ಬಂದೇಬಿಟ್ಟಿತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿವೃತ್ತರಾದ ಮೇಲೆ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದರು. ಅಂದಿನಿಂದ ಈ ಬೀದಿಯಲ್ಲಿ ಯಾರಿಗೂ ಏನೂ ಆಗದೇ ಇದ್ದುದು ಅವರಿಗೊಂದು ಕೊರಗಾಗಿತ್ತು. ಬಾಯಲ್ಲಿ ಸೀಟಿ, ಒಂದು ಕಂಕುಳಲ್ಲಿ ಹಲಗೆ, ಇನ್ನೊಂದರಲ್ಲಿ ಬ್ಯಾಂಡೇಜಿನ ಸುರುಳಿ ಇಟ್ಟುಕೊಂಡು ಓಡಿಬಂದವರು ಟಾಪ್‌ಗೇರನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಮಲಗಿಸಿದರು. ಮಹಡಿಗೆ ಹೋಗಿ ಅವರ ದಿಂಬು, ಕಂಬಳಿ, ಮನಸ್ಸು ಶಾಂತವಾಗಿರಲೆಂದು ರೇಡಿಯೋ, ಎಲ್ಲವನ್ನೂ ಹೊತ್ತು ತಂದರು. ನೋವೆಲ್ಲಿ ಎಂದು ಕೇಳುವ ಹೊತ್ತಿಗೆ ಎಡಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು ಸುತ್ತಿಯಾಗಿತ್ತು.

"ನಾನು ಬಿದ್ದಿಲ್ಲ ಮೇಷ್ಟ್ರೇ" ಎಂದರು ಟಾಪ್‌ಗೇರು.

"ಗಾಬರಿಯಾಗಬೇಡಿ" ಎಂದಿತು ಗೋಡೆ.

ಈ ಸಲ ಟೈಲರಮ್ಮ ಒದ್ದೆ ಬಟ್ಟೆ ಹಿಡಿದುಕೊಂಡು ಬಂದಳು. ಮಲಗಿದ್ದವರನ್ನೂ ಮೇಷ್ಟ್ರನ್ನೂ ನೋಡಿ, ಈ ವಯಸ್ಸಿನಲ್ಲಿ ಎರಡೆರಡು ಸಲ ಬೀಳುವಂಥದ್ದೇನು ಮಾಡುತ್ತಿದ್ದಿರಿ ಎಂದು ಇಬ್ಬರನ್ನೂ ಸೇರಿಸಿಯೇ ಗದರಿದಳು. ಗೋಡೆ ಮತ್ತೆ ಸಮಾಧಾನ ಹೇಳಿತು. ಮೇಷ್ಟ್ರು, ಒದ್ದೆ ಬಟ್ಟೆ ಹಣೆಗಲ್ಲ, ನೋವಿರುವ ಕಡೆ ಹಾಕಬೇಕು ಎಂದರು. ನೋವೇ ಇಲ್ಲದವರಿಗೆ ಎಲ್ಲಿ ಹಾಕಿದರೇನು ಎಂದಳು ಟೈಲರಮ್ಮ. ಮಾತಿಗೆ ಮಾತು ಬೆಳೆಯಿತು. ನೀವ್ಯಾಕೆ ನನ್ನ ಬೆನ್ನು ಬಿದ್ದಿದ್ದೀರಿ ಎಂದು ಇವಳು, ನಿನ್ನ ಬೆನ್ನು ಬೀಳೋಕೆ ನನಗೇನು ಬೇರೆ ಕೆಲಸ ಇಲ್ಲವಾ ಎಂದು ಅವರು. ಒಂದೊಂದು ಮಾತಿಗೂ ಗೋಡೆ ಸಹಾಯ ಕಳುಹಿಸುತ್ತಲೇ ಇತ್ತು. ಆಗಲೇ ಬಂದು ನಿಂತಿದ್ದ ಸಹಾಯಗಳ ಫೋನುಗಳು ಅವರವರ ಜೇಬಿನಲ್ಲೂ ಸೊಂಟದಲ್ಲೂ ಒದರಿಕೊಂಡವು.

ಕೊನೆಗೆ ಮೂವರಿಗೂ ವಿಷಯ ಅರ್ಥವಾಯಿತು. ಅರ್ಥವಾದ ಮೇಲೆ ಮೂವರೂ ಬಾಯಿ ಮುಚ್ಚಿಕೊಂಡು ಡಬ್ಬಿಯನ್ನೇ ನೋಡುತ್ತ ಕುಳಿತರು.

ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ, ತಮ್ಮ ಮನೆಗಳಲ್ಲಿ ದಿನಕ್ಕೆ ಇಷ್ಟೊಂದು ಬೀಳುತ್ತದೆಂದು. ಕನಸು ಬೀಳುತ್ತದೆ, ಮಳೆ ಬೀಳುತ್ತದೆ, ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುತ್ತದೆ, ಬಟ್ಟೆಗೆ ಕತ್ತರಿ ಬೀಳುತ್ತದೆ, ಹೊಟ್ಟೆಗೆ ಏನಾದರೂ ಬೀಳಬೇಕಾಗುತ್ತದೆ. ಇಷ್ಟೆಲ್ಲ ಬಿದ್ದರೂ ಯಾರ ಮೂಳೆಯೂ ಮುರಿಯುವುದಿಲ್ಲ. ಆದರೆ ಡಬ್ಬಿಗೆ ಅದು ಗೊತ್ತಿರಲಿಲ್ಲ. ಸಾಯಂಕಾಲ ಆ ಹುಡುಗಿ ಬಂದು ನೋಡಿದರೆ, ಟಾಪ್‌ಗೇರು ಬೆಳಗಿನಿಂದ ನೆಲ ಬಿಟ್ಟು ಎದ್ದೇ ಇಲ್ಲ ಎಂದುಕೊಳ್ಳುವ ಹಾಗಿತ್ತು ಪರಿಸ್ಥಿತಿ. ಕಿಟಕಿಯ ಗತಿಯನ್ನು ನೆನೆದು ಅವರ ಮುಖ ಸಣ್ಣಗಾಯಿತು.

ದಾರಿ ತೋರಿಸಿದವರು ಮೇಷ್ಟ್ರೇ. ಡಬ್ಬಿಯ ಕಡೆಗೊಮ್ಮೆ ನೋಡಿ, ಪಿಸುದನಿಯಲ್ಲಿ, "ಆ ಮಾತೇ ಬೇಡ. ಅದು ಬರೋ ಕಡೆಯೆಲ್ಲ 'ಕೆಳಗೆ ಬಂತು' ಅನ್ನಿ. ಇಬ್ಬರಿಗೂ ಅರ್ಥ ಆಯ್ತಾ?" ಎಂದರು.

ಮಧ್ಯಾಹ್ನವೆಲ್ಲ ಆ ಮನೆಯಲ್ಲಿ ನಡೆದ ಮಾತುಕತೆಯನ್ನು ಹೊಸಬರು ಯಾರಾದರೂ ಕೇಳಿದ್ದರೆ ವೈದ್ಯರನ್ನೇ ಕರೆಸುತ್ತಿದ್ದರು. ತನ್ನ ತಂಗಿಯ ಮಗಳು ಸೈಕಲ್ ಅಂಗಡಿಯವನ ಪ್ರೀತಿಯಲ್ಲಿ ಕೆಳಗೆ ಬಂದಿದ್ದಾಳೆ, ಇಬ್ಬರೂ ಕೆರೆ ಹತ್ತಿರ ತನ್ನ ಕಣ್ಣಿಗೇ ಕೆಳಗೆ ಬಂದರು ಎಂದಳು ಟೈಲರಮ್ಮ. ಆ ಸುದ್ದಿ ತನ್ನ ಕಿವಿಗೂ ಕೆಳಗೆ ಬಂದಿದೆ ಎಂದರು ಮೇಷ್ಟ್ರು. ಬೆಳಗಿನಿಂದ ಹೊಟ್ಟೆಗೆ ಏನೂ ಕೆಳಗೆ ಬಂದಿಲ್ಲ ಎಂದು ಟಾಪ್‌ಗೇರು ನೆನಪಿಸಿದ ಮೇಲೆ ಊಟವಾಯಿತು. ಈರುಳ್ಳಿ ಬೆಲೆ ಕೆಳಗೆ ಬಂತಂತೆ ಎಂಬ ಒಂದು ಮಾತು ಮಾತ್ರ ಎಲ್ಲರ ಕಿವಿಗೂ ನೆಟ್ಟಗೆ ಕೇಳಿಸಿತು.

ಮೊದಮೊದಲು ನಾಲಿಗೆ ಎಡವುತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಹೊಸ ಗೇರಿನ ಹಾಗೆ ಆ ಮಾತು ತಾನಾಗಿಯೇ ಕೂರತೊಡಗಿತು. ಹಸಿರು ದೀಪ ಹಸಿರಾಗಿಯೇ ಉಳಿಯಿತು. ಮೇಷ್ಟ್ರು ಎಡಗಾಲಿನ ಬ್ಯಾಂಡೇಜು ಬಿಚ್ಚಿ ಮತ್ತೆ ಸುರುಳಿ ಸುತ್ತಿಕೊಂಡರು. ನೆರೆಯವರಿಬ್ಬರೂ ಗೆದ್ದವರ ಕಳೆಯಲ್ಲಿ ತಮ್ಮ ತಮ್ಮ ಮನೆಗೆ ಹೋದರು.

ಸಂಜೆ ಮಗಳು ಕೆಲಸದಿಂದ ಬರುವುದಕ್ಕೂ ವಿಶ್ವವಿದ್ಯಾಲಯದ ಹುಡುಗಿ ಬರುವುದಕ್ಕೂ ಸರಿಹೋಯಿತು. ಹುಡುಗಿ ಡಬ್ಬಿ ಕಿತ್ತು, ಅದಕ್ಕೊಂದು ವೈರು ಸಿಕ್ಕಿಸಿ ನೋಡಿದವಳು ಗಾಬರಿಯಿಂದ ಟಾಪ್‌ಗೇರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗಳ ಮುಖ ಬಿಳಿಚಿತು. ಆಮೇಲೆ ಹುಡುಗಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಡಬ್ಬಿ ಬೆಳಿಗ್ಗೆ ಕೇಳಿಸಿಕೊಂಡದ್ದನ್ನೆಲ್ಲ ತಾನೂ ಕೇಳಿದಳು. ಕೇಳುತ್ತ ಕೇಳುತ್ತ ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ತಪ್ಪು ನಮ್ಮದೇ ತಾತ. ನಾವೆಲ್ಲ ಇದೇ ಭಾಷೆ ಮಾತಾಡೋರು, ಆದ್ರೂ ಒಬ್ಬರಿಗೂ ಹೊಳೀಲಿಲ್ಲ ನೋಡಿ."

ಅವಳು ಮೆಟ್ಟಿಲುಗಳನ್ನು ಹತ್ತಿ ಇಳಿದು, ಎತ್ತರ ಅಗಲ ಅಳೆದು, ಪಕ್ಕದ ಕಟಕಟೆಯನ್ನು ಹಿಡಿದು ಅಲುಗಿಸಿ ನೋಡಿದಳು. ತಾತ ಒಂದು ಸಲವೂ ಬಿದ್ದಿಲ್ಲ, ಮೇಲೆಯೇ ಇರಬಹುದು, ಹತ್ತಿ ಇಳಿಯುವುದು ಕಾಲಿಗೂ ಒಳ್ಳೆಯದು ಎಂದು ಮಗಳಿಗೆ ತಿಳಿಸಿ ಹೇಳಿದಳು. ಒಂದೇ ಒಂದು ಷರತ್ತು, ಕೈ ಸದಾ ಕಟಕಟೆಯ ಮೇಲೆ ಇರಬೇಕು. ಮಗಳು ಅರೆಮನಸ್ಸಿನಿಂದ ಆಗಲಿ ಎಂದಳು. ಡಬ್ಬಿ ಚೀಲ ಸೇರಿತು. ಮಗಳು ಹುಡುಗಿಯನ್ನು ಬೀದಿಯವರೆಗೆ ಕಳಿಸಿಬಂದು ಅಡುಗೆಮನೆಗೆ ಹೋದಳು.

ಟಾಪ್‌ಗೇರಿಗೆ ಜೀವನದಲ್ಲಿ ಮೊದಲ ಬಾರಿಗೆ ಟಾಪ್ ಗೇರು ಹಾಕಬೇಕೆನಿಸಿತು. ಸಂಜೆಯ ಹೊತ್ತು ದಿಬ್ಬದ ಮೇಲೆ ಲಾರಿಗಳು ಸಾಲುಗಟ್ಟುತ್ತವೆ. ಬೆಳಿಗ್ಗೆ ಮೇಷ್ಟ್ರು ಹೊತ್ತು ತಂದಿದ್ದ ಸಾಮಾನು ನಡುಮನೆಯಲ್ಲೇ ಇತ್ತು. ಎರಡು ಸಲ ಓಡಾಡುವುದೇಕೆಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ರೇಡಿಯೋ ಹಿಡಿದು ಹತ್ತಿದರು. ಕಟಕಟೆಗೆ ಕೊಡಲು ಮೂರನೆಯ ಕೈ ಇರಲಿಲ್ಲ. ಅರ್ಧ ದಾರಿಯಲ್ಲಿ ಕಂಬಳಿಯ ತುದಿ ಕಾಲಿಗೆ ಸಿಕ್ಕಿತು. ಬ್ರೇಕ್ ಇಲ್ಲದ ಲಾರಿ ಇಳಿಜಾರಿನಲ್ಲಿ ಹೇಗೆ ಬರುತ್ತದೋ ಹಾಗೆಯೇ, ಕುಳಿತ ಭಂಗಿಯಲ್ಲಿ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸದ್ದು ಮಾಡುತ್ತ ಬುಡಕ್ಕೆ ಬಂದು ನಿಂತರು. ದಿಂಬು ಅಡಿಗೆ ಸಿಕ್ಕಿದ್ದರಿಂದ ಮೂಳೆಗಳೆಲ್ಲ ಇದ್ದಲ್ಲೇ ಇದ್ದವು. ರೇಡಿಯೋ ತಾನಾಗಿಯೇ ಹಾಡತೊಡಗಿತು.

"ಅಪ್ಪಾ, ಏನದು ಸದ್ದು?" ಒಳಗಿನಿಂದ ಮಗಳ ದನಿ.

ನಿಜ ಹೇಳಿದರೆ ಕಿಟಕಿ ಹೋಯಿತು. ಬೇರೇನು ಹೇಳುವುದೆಂದು ಯೋಚಿಸುವ ಮೊದಲೇ, ದಿನವಿಡೀ ಪಳಗಿದ ನಾಲಿಗೆ ತನ್ನ ಕೆಲಸ ತಾನು ಮಾಡಿಬಿಟ್ಟಿತು.

"ಏನಿಲ್ಲ ಕಣಮ್ಮ. ಕೆಳಗೆ ಬಂದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗಳು ಬಾಗಿಲಿಗೆ ಬಂದು ನಿಂತಳು. ಮೆಟ್ಟಿಲ ಬುಡದಲ್ಲಿ ಅಪ್ಪ ದಿಂಬಿನ ಮೇಲೆ ಕುಳಿತಿದ್ದರು. ಹೆಗಲ ಮೇಲೆ ಕಂಬಳಿ, ಮಡಿಲಲ್ಲಿ ರೇಡಿಯೋ. ಅವಳು ಅದನ್ನೆಲ್ಲ ಒಂದೊಂದಾಗಿ ನೋಡಿದಳು. ಕಣ್ಣು ತುಂಬಿಬಂತು.

"ಮೇಲೇ ಇರಬಹುದು ಅಂತ ಅವರೇ ಹೇಳಿದ ಮೇಲೂ ನನಗೋಸ್ಕರ ಬಂದ್ರಾ ಅಪ್ಪಾ?"

ಟಾಪ್‌ಗೇರು ಬಾಯಿ ತೆರೆದರು. ಹಾಗಲ್ಲ ಎಂದರೆ ಮತ್ತೆ ಹೇಗೆ ಬಂದದ್ದೆಂದು ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿದರು.

"ಇನ್ನು ವಾರ್ಡಲ್ಲಿ ನೆಮ್ಮದಿಯಾಗಿ ಕೆಲಸ ಮಾಡ್ತೀನಿ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮಂಚ ಇಳಿಸಲು ನೆರವು ಕೇಳಲೆಂದು ಬೀದಿಗೆ ಹೋದಳು. ಅಪ್ಪ ತಾವಾಗಿಯೇ ಕೆಳಗೆ ಬಂದರು ಎಂದು ಅವಳು ಹೇಳಿದ್ದೇ ತಡ, ಮೇಷ್ಟ್ರು ಹಲಗೆ ಬ್ಯಾಂಡೇಜುಗಳ ಸಮೇತ, ಟೈಲರಮ್ಮ ಒದ್ದೆ ಬಟ್ಟೆಯ ಸಮೇತ ಓಡಿಬಂದರು. ಅವರಿಬ್ಬರೂ ಯಾಕೆ ಅದನ್ನೆಲ್ಲ ತಂದರೆಂದು ಮಗಳಿಗೆ ತಿಳಿಯಲಿಲ್ಲ.

ಮಂಚ ಇಳಿಯಿತು. ಕೆಳಗಿನ ಕೋಣೆಯಲ್ಲಿ ಗೋಡೆಗೊತ್ತಿ ಅದನ್ನು ಹಾಕಿದರು. ಮಗಳು ನೀರು ತುಂಬಿಸಲು ಹಿತ್ತಲಿಗೆ ಹೋದಾಗ ಮೇಷ್ಟ್ರು ಬಾಗಿ ಪಿಸುಗುಟ್ಟಿದರು.

"ಕೆಳಗೆ ಬಂದೆ ಅಂದ್ರಂತೆ. ನಮ್ಮ ಮಾತಲ್ಲೋ, ಅವಳ ಮಾತಲ್ಲೋ?"

"ಎರಡರಲ್ಲೂ" ಎಂದರು ಟಾಪ್‌ಗೇರು.

ಮೇಷ್ಟ್ರು ಹಲಗೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಟೈಲರಮ್ಮ ಸೂಜಿಗಳನ್ನು ಬಾಯಿಂದ ತೆಗೆದು, ಮತ್ತೆ ಬಾಯಿಗಿಟ್ಟುಕೊಂಡಳು. ಅವರು ಹೋದ ಮೇಲೆ ಟಾಪ್‌ಗೇರು ಕಿಟಕಿಯಿಲ್ಲದ ಗೋಡೆಯ ಕಡೆ ತಿರುಗಿ ಕುಳಿತರು. ಆಚೆ ಪಂಪು ಶುರುವಾಯಿತು. ಗೋಡೆ ನಡುಗಿತು, ಮೇಜಿನ ಮೇಲಿನ ಲೋಟ ಅಂಚಿನ ಕಡೆ ಹೊರಟಿತು. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಮೊದಲನೇ ಗೇರಲ್ಲೇ ಎಳೀತಾ ಇದೆ. ಆಗ್ಲೇ ಬದಲಾಯಿಸಬೇಕಿತ್ತು" ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಲೋಟ ಕೆಳಗೆ ಬಂತು.