ಅರ್ಜಿದಾರರಿಗೆ ಸೋಮವಾರದೊಳಗೆ ನೀರು ಬಿಡುವ ಕುರಿತು

ಇಂದ:
ಗುರುಪ್ರಸಾದ, ಸಹಾಯಕರು, ದಾಳಿಂಬೆ ಪ್ರಯೋಗ ತೋಟ, ನಾಸಿಕ
(ಸ್ವಂತ ಊರು: ಭಾಲ್ಕಿ, ಬೀದರ ಜಿಲ್ಲೆ)

ಗೆ:
ಶ್ರೀ ಮನ್ಮಥಪ್ಪನವರು, ಮುಖ್ಯಸ್ಥರು, ಅದೇ ತೋಟ

ವಿಷಯ: ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಸಲುವಾಗಿ ನಾಲ್ಕು ದಿನದ ರಜೆ.
ಉಲ್ಲೇಖ: ಇದೇ ವಿಷಯದ ಹಿಂದಿನ ಅರ್ಜಿಗಳು, ತಮ್ಮ ಚಹಾದ ಲೋಟದ ಕೆಳಗೆ ಇರುವಂಥವು.

ಮಾನ್ಯರೇ,

ಸದರಿ ಅರ್ಜಿದಾರರು ಗಿಡಗಳಿಗೆ ನೀರು ನಿಲ್ಲಿಸುವ ಕೆಲಸದವರು. ಕೆಲವು ವಾರ ನೀರು ನಿಲ್ಲಿಸಿದರೆ ದಾಳಿಂಬೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಎಲೆ ಉದುರಿಸಿ, ಬೋಳಾಗಿ ನಿಲ್ಲುತ್ತದೆ. ಆಮೇಲೆ ನೀರು ಬಿಟ್ಟರೆ ಮೈತುಂಬ ಹೂವು. ಇಲ್ಲಿಯ ರೈತರು ಇದಕ್ಕೆ ಬಹಾರ ಹಿಡಿಯುವುದು ಎನ್ನುತ್ತಾರೆ. ತಾವು ಈ ಪದ್ಧತಿಯನ್ನು ಸಿಬ್ಬಂದಿಗೂ ವಿಸ್ತರಿಸಿ, ಎಲ್ಲರ ರಜೆ ನಿಲ್ಲಿಸಿ, "ತಡ್ಕೊಳ್ರಿ, ತಡ್ಕೊಂಡ ಮ್ಯಾಲೇ ಹೂವು ಬರ್ತದ" ಎಂದು ಅಪ್ಪಣೆ ಕೊಡಿಸಿದಿರಿ. ಆ ಕಾರಣದಿಂದ ಅರ್ಜಿದಾರರಲ್ಲಿ ಕಂಡುಬಂದ ಲಕ್ಷಣಗಳು:

1. ಬಾಯಿ ಮುಚ್ಚಿಕೊಂಡಿದೆ. ಗಿಡ ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಊಟ ತಯಾರಾಗುವುದಿಲ್ಲ. ಅರ್ಜಿದಾರರ ಕೋಣೆಯಲ್ಲೂ ಅದೇ ಪರಿಸ್ಥಿತಿ.

2. ತಲೆಗೂದಲು ಉದುರಿದೆ. ತಾವು ನೋಡಿ, "ಭೇಷ್, ಬರೋಬ್ಬರಿ ನಡದದ" ಎಂದಿರಿ.

3. ಪತ್ನಿ ಅನುರಾಧಾ ಫೋನಿನಲ್ಲಿ, "ಕೂಸಿಗಿ ಇನ್ನಾ ಹೆಸರಿಲ್ರಿ. ಸೋಮವಾರ ನೀವು ಬರಲಿಲ್ಲಂದ್ರ ನಿಮ್ಮ ಫೋಟೋ ಇಟ್ಟು ತೊಟ್ಟಿಲು ತೂಗ್ತೀವಿ. ಹಾರ ಮಾತ್ರ ಹಾಕಲ್ಲ" ಎಂದು ಭರವಸೆ ನೀಡಿದ್ದಾರೆ. ಅರ್ಜಿದಾರರು ಮಗಳನ್ನು ಒಮ್ಮೆಯೂ ಎತ್ತಿಕೊಂಡಿಲ್ಲ. ನೆನೆದರೆ ಅಳು ಬರುತ್ತದೆ; ಅಳುವನ್ನು ಯಾವ ಕಾಲಂನಲ್ಲಿ ನಮೂದಿಸಬೇಕೋ ತಿಳಿಯದೆ ಇಲ್ಲೇ ನಮೂದಿಸಿದೆ.

ಇಷ್ಟಾದರೂ ಅರ್ಜಿದಾರರು ಬಿದ್ದುಹೋಗದೆ ಕೆಲಸಕ್ಕೆ ಬಂದದ್ದರಿಂದ, ತಾವು ಅವರನ್ನು ಬರ ತಡೆಯುವ ತಳಿ ಎಂದು ಮೆಚ್ಚಿ, ಇಲ್ಲಿಗಿಂತ ಒಣಗಿದ ವೈಜಾಪುರದ ತೋಟಕ್ಕೆ ವರ್ಗ ಮಾಡಲು ಶಿಫಾರಸು ಮಾಡಿದ್ದೀರಿ. ಹೊಗಳಿಕೆಗೆ ಅವರು ಋಣಿ. ಆದರೆ ಬಹಾರದಲ್ಲಿ ನೀರು ನಿಲ್ಲಿಸುವುದು ಅರ್ಧ ಕೆಲಸ. ಬಿಡುವುದನ್ನು ಮರೆತರೆ ಸಿಗುವುದು ಕಟ್ಟಿಗೆ.

ತೋಟದ ಪ್ರತಿ ಪ್ರಯೋಗದಲ್ಲೂ ಹೋಲಿಸಿ ನೋಡಲಿಕ್ಕೆಂದು ದಿನವೂ ನೀರು ಕುಡಿಯುವ ಒಂದು ಸಾಲು ಇರುತ್ತದೆ. ಸಿಬ್ಬಂದಿಯ ಪ್ರಯೋಗದಲ್ಲಿ ಅಂಥ ಸಾಲೇ ಇಲ್ಲವಾದ ಕಾರಣ, ಇದರ ಫಲಿತಾಂಶವನ್ನು ಯಾರೂ ಒಪ್ಪಲಾರರು. ಆದ್ದರಿಂದ ವಿಜ್ಞಾನದ ಹಿತದೃಷ್ಟಿಯಿಂದ ಅರ್ಜಿದಾರರನ್ನು ನಾಲ್ಕು ದಿನ ಆ ಸಾಲಿಗೆ ಹಾಕಬೇಕಾಗಿ ವಿನಂತಿ.

ಇನ್ನೂ ಪೂರ್ತಿ ಒಣಗದ,
ತಮ್ಮ ವಿಶ್ವಾಸಿ,
ಗುರುಪ್ರಸಾದ

ಲಗತ್ತುಗಳು:
1. ಕೂಸಿನ ಫೋಟೋ. ಹೆಸರಿನ ಜಾಗ ಖಾಲಿ ಬಿಟ್ಟಿದೆ.
2. ಅರ್ಜಿದಾರರ ಫೋಟೋ. ರಜೆ ಮಂಜೂರಾಗದಿದ್ದಲ್ಲಿ ದಯಮಾಡಿ ಇದನ್ನು ಸೋಮವಾರದೊಳಗೆ ಭಾಲ್ಕಿಗೆ ಮುಟ್ಟಿಸಬೇಕು. ಹಾರ ಬೇಡ.